ಕುಂತಲ್ಲೇ ಏಳು ಮೈಲಿ

"ಏಳು!"

ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿನ ಮುಂದಿನ ಚಪ್ಪರದಡಿಯಲ್ಲಿ ಕುಳಿತು ಹಸಿಯೆಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದ ಚೆಲುವಾಂಬ, ಭಾವೀ ಅತ್ತೆ ರಾಚಮ್ಮನ ಆ ಒಂದು ಮಾತಿಗೆ ಥಟ್ಟನೆ ಎದ್ದು ನಿಂತಳು. ಮಡಿಲಿನ ಎಲೆಗಳು ನೆಲಕ್ಕೆ ಚೆಲ್ಲಿದವು.

"ಎದ್ದು ನಿಲ್ಲು ಅಂದ್ನಾ ನಾನು? ಬಾಯ್ಬುಟ್ಟು ಏಳು ಅಂದೆ! ನೆನ್ನೆ ಎಲ್ಲಿಗೋಗಿದ್ದೆ?"

ನಮ್ಮ ಸೀಮೆಯ ನಾಲಿಗೆಗೆ ಹಕಾರ ಭಾರ. ಹೇಳೆಂಬುದೂ ಏಳು, ಎದ್ದೇಳೆಂಬುದೂ ಏಳು, ಎಣಿಕೆಯಲ್ಲಿ ಆರರ ಮುಂದಿನದೂ ಏಳು. ಯಾವುದೆಂದು ತಿಳಿಯಲು ಆಡುವವರ ಮುಖವನ್ನು ನೋಡಬೇಕು. ಅಂದು ರಾಚಮ್ಮನ ಮುಖ ಕೆಂಡವಾಗಿತ್ತು.

"ಎಲ್ಲಿಗೂ ಹೋಗಿಲ್ಲ ಅತ್ತೆ... ಬೆಳಗ್ಗೆಯಿಂದ ಸಂಜೆಗಂಟ ಇಲ್ಲೇ ಸೊಪ್ಪು ಕಟ್ತಾ ಕೂತಿದ್ದೆ."

"ಕೂತಿದ್ಲಂತೆ!" ರಾಚಮ್ಮ ಮೊಬೈಲನ್ನು ಹುಡುಗಿಯ ಮೂಗಿನವರೆಗೂ ಚಾಚಿದಳು. "ನೋಡಿಲ್ಲಿ, ಹದಿನೈದು ಸಾವ್ರ ಎಜ್ಜೆ! ನಿನ್ ಕೈಲಿರೋ ವಾಚೇ ಏಳ್ತಾದೆ. ಏಳು ಮೈಲಿ ಕಣವ್ವ, ಏಳು ಮೈಲಿ! ರಾವಂದೂರ್ಗೆ ಹೋಗಿ ಬಂದ್ರೂ ಅಷ್ಟಾಗಕ್ಕಿಲ್ಲ. ಯಾರ್ನ ನೋಡಕ್ಕೋಗಿದ್ದೆ?"

ಸೊಪ್ಪು ಕಟ್ಟುತ್ತಿದ್ದ ಹೆಂಗಸರ ಕೈಗಳೆಲ್ಲ ಒಮ್ಮೆಲೇ ನಿಂತವು.

ಚೆಲುವಾಂಬ ತನ್ನ ಎಡಗೈಯನ್ನು ನೋಡಿಕೊಂಡಳು. ನಿಶ್ಚಿತಾರ್ಥದ ದಿನ ರಾಚಮ್ಮನ ಮಗ ಶಶಿಕುಮಾರನೇ ಕಟ್ಟಿದ್ದ ಕಪ್ಪು ಗಡಿಯಾರ. ಕಟ್ಟೆಮಳಲವಾಡಿಯ ಆ ಯುವಕ ಹುಣಸೂರಿನಲ್ಲಿ ಅಂಗಡಿಯಿಟ್ಟು, ಬಾಗಿಲು ಕಾಯುವ ಕ್ಯಾಮೆರಾ, ಕರೆದರೆ ಹೊತ್ತುವ ಬಲ್ಬು, ಮಾತಿಗೆ ಮರುಮಾತಾಡುವ ಡಬ್ಬಿ ಇಂಥವನ್ನು ಮನೆಮನೆಗೆ ಜೋಡಿಸಿಕೊಡುವವನು. "ನಮ್ಮವ್ವ ಆ ಡಬ್ಬಿಗೆ 'ಟೈಮ್ ಏಳು' ಅಂದ್ಲು. ಅದು ಏಳು ಗಂಟೆಗೆ ಅಲಾರಾಂ ಇಟ್ಬುಡ್ತು!" ಎಂದು ಅವನು ಹೇಳಿದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ಆ ನಗುವಿನಲ್ಲೇ ಮನಸ್ಸು ಸೋತಿತ್ತು.

ಈಗ ಅದೇ ಮನಸ್ಸು ಉರಿಯತೊಡಗಿತು.

'ಈ ಕೈ ನನ್ನದೆಂದು ತಿಳಿದಿದ್ದೆನಲ್ಲ! ಇದು ನಡೆದದ್ದು, ನಿಂತದ್ದು, ಎಲ್ಲವೂ ಇನ್ನೊಬ್ಬರ ಊರಿನಲ್ಲಿ ಲೆಕ್ಕವಾಗುತ್ತಿತ್ತೇ?'

ಒಳಗಿನಿಂದ ಅಜ್ಜಿ ಪುಟ್ಟತಾಯಮ್ಮ ಕೋಲೂರುತ್ತ ಬಂದಳು. "ಏನ್ ರಾಚವ್ವ, ನಮ್ಮೆಣ್ಣಿನ ನಡ್ತೆ ಅಳೆಯಕ್ಕೆ ಮೈಲಿಕಲ್ಲು ತಂದಿದ್ದೀಯಾ?"

"ನಾನಲ್ಲ ಏಳ್ತಿರೋದು, ವಾಚು!"

"ಎಲ್ಲಿಗೋದ್ಲು ಅಂತ ಏಳ್ತಾ ನಿನ್ ವಾಚು?"

"ಎಲ್ಲಿಗೆ ಅಂತ ಏಳಕ್ಕಿಲ್ಲ. ಎಷ್ಟು ಅಂತ ಏಳ್ತದೆ."

"ಅರ್ಧ ಮಾತಾಡೋ ಚಾಡಿಕೋರಂಗೆ ಪೂರ್ತಿ ಮರ್ವಾದೆ ಕೊಡ್ತಾ ಇದ್ದೀಯಲ್ಲ!"

ನಡಿಗೆಯನ್ನು ಎಣಿಸಲು ಹುಟ್ಟಿದ ಯಂತ್ರ ನಡತೆಯನ್ನು ಅಳೆಯಹೊರಟಿತ್ತು. ಜೀವಿಯ ಎದೆಯೊಳಗೆ ಕುಳಿತು ಎಲ್ಲವನ್ನೂ ಕಾಣುವವನು ಅಂತರ್ಯಾಮಿಯೊಬ್ಬನೇ ಎಂದು ಹಿರಿಯರು ನಂಬಿದ್ದರು. ಆತನು ಕಂಡದ್ದನ್ನು ಅತ್ತೆಗೆ ವರದಿ ಮಾಡುವುದಿಲ್ಲ!

ಚೆಲುವಾಂಬ ಎಲ್ಲರೆದುರಿಗೇ ಶಶಿಕುಮಾರನಿಗೆ ಫೋನು ಮಾಡಿದಳು.

"ನನ್ನ ಹೆಜ್ಜೆ ನಿಮ್ಮ ಫೋನಿಗೆ ಬರ್ತದಾ?"

ಆ ಕಡೆಯಿಂದ ತೊದಲು.

"ಅದು... ಸಿಮ್ ಇರೋ ವಾಚು, ಶುರು ಮಾಡೋವಾಗ ನನ್ನ ಫೋನಿಗೇ ಜೋಡಿಸಿದ್ದೆ. ಆಮೇಲೆ ಹೊಸ ಫೋನು ತಗೊಂಡು ಆ ಹಳೇದನ್ನ ಅವ್ವಂಗೆ ಕೊಟ್ಟಿದ್ದೀನಿ. ಅದ್ರಲ್ಲೂ ಹಂಗೇ ಉಳ್ಕೊಂಡದೆ... ಯಾಕೆ? ಏನಾಯ್ತು?"

ಅವಳು ನಡೆದುದನ್ನು ಎರಡು ಮಾತಿನಲ್ಲಿ ಹೇಳಿದಳು. ಅವನು ತಾಯಿಯ ಮೇಲೆ ಸಿಡಿಯುತ್ತಾನೆಂದು ಕಾದಳು. ಅವನು ಕೇಳಿದ್ದು ಬೇರೆ.

"ಚೆಲುವಾ... ನೆನ್ನೆ ನಿಜವಾಗ್ಲೂ ಎಲ್ಲಿಗೂ ಹೋಗಿರ್ಲಿಲ್ವಾ?"

ರಾಚಮ್ಮನ ಕೂಗು ಅವಳನ್ನು ಸುಟ್ಟಿತ್ತು. ಈ ಮೆಲುದನಿ ಸೀಳಿತು!

ಅವಳು ಫೋನನ್ನು ಇಟ್ಟು, ಗಡಿಯಾರವನ್ನು ಬಿಚ್ಚಿದಳು. ಮಣಿಕಟ್ಟಿನಲ್ಲಿ ಬಿಸಿಲು ಕಾಣದ ಬಿಳಿಯ ಪಟ್ಟಿಯೊಂದು ಉಳಿದಿತ್ತು. ಹಸಿಯ ಹೊಗೆಸೊಪ್ಪಿನ ಎಲೆಯೊಂದರಲ್ಲಿ ಅದನ್ನು ಸುತ್ತಿ ರಾಚಮ್ಮನ ಕೈಗಿತ್ತಳು.

"ತಗೊಳ್ಳಿ ಅತ್ತೆ. ಕಳ್ಳರಿಗೆ ಬೇಡಿ ಹಾಕೋವಾಗ ಬೇಡಿ ಅಂತ ಹೇಳಿ ಹಾಕ್ತಾರೆ. ನಿಮ್ಮ ಮಗ ಉಡುಗೊರೆ ಅಂತ ಹೇಳಿ ಹಾಕಿದ್ರು."

ಅಂದು ಸಂಜೆ ತಂದೆ ದೇವರಾಜು ಮಗಳ ಪಕ್ಕದಲ್ಲಿ ಬಂದು ಕುಳಿತ. ಕಾರ್ತಿಕಕ್ಕೆ ಲಗ್ನ ನಿಶ್ಚಯವಾಗಿತ್ತು. ಈಗ ಮುರಿದರೆ, ಏಳು ಮೈಲಿ ನಡೆದವಳೆಂಬ ಮಾತು ಪಿರಿಯಾಪಟ್ಟಣದ ಸಂತೆಯವರೆಗೂ ನಡೆದು ಹೋಗುತ್ತದೆ.

"ದೇವ್ರ ಮುಂದೆ ಒಂದ್ ಆಣೆ ಮಾಡ್ಬುಡು ಮಗ. ಮುಗ್ದೋಯ್ತದೆ."

"ತಪ್ಪು ಮಾಡಿದೋರು ಮಾಡ್ಲಿ ಅಪ್ಪ. ನಾನು ಕೂತಿದ್ದೆ. ಕೂತಿದ್ದೆ ಅಂತ ದೇವರನ್ನ ಯಾಕೆ ಎಬ್ಬಿಸ್ಲಿ? ರುಜುವಾತು ಕೊಟ್ಟು ಯಾರ ಮನೆಗೂ ನಾನು ಸೊಸೆಯಾಗಲ್ಲ."

ದೇವರಾಜು ಮಗಳ ತಲೆಯ ಮೇಲೊಮ್ಮೆ ಕೈಯಿಟ್ಟು ಎದ್ದುಹೋದ.

ಮೂರನೆಯ ದಿನ ಮಧ್ಯಾಹ್ನ ಚಪ್ಪರದ ಮುಂದೆ ಬೈಕು ನಿಂತಿತು. ಹೆಂಗಸರು ಊಟಕ್ಕೆ ಹೋಗಿದ್ದರು. ಚೆಲುವಾಂಬ ತಲೆಯೆತ್ತಲಿಲ್ಲ. ಶಶಿಕುಮಾರ ಹೆಲ್ಮೆಟ್ಟನ್ನು ಕೆಳಗಿಟ್ಟು, ಸೊಪ್ಪಿನ ರಾಶಿಯ ಪಕ್ಕದಲ್ಲಿ ಬರಿನೆಲದ ಮೇಲೆ ಕುಳಿತುಕೊಂಡ.

"ಆವತ್ತು ಆ ಪ್ರಶ್ನೆ ಕೇಳಬಾರ್ದಿತ್ತು."

"ಕೇಳಿದ್ದು ತಪ್ಪಲ್ಲ ಕಣ್ರೀ. ನಂಬದೆ ಕೇಳಿದ್ದು ತಪ್ಪು."

"ಇನ್ನೊಂದು ಹೇಳ್ಬೇಕು... ಹೇಳಿದ್ರೆ ಇನ್ನೂ ಕೋಪ ಬರ್ತದೆ."

"ಇರೋ ಕೋಪಕ್ಕೇ ಜಾಗ ಸಾಲ್ತಿಲ್ಲ. ಹೇಳಿ."

ಅವನು ನೆಲ ನೋಡುತ್ತ ನುಡಿದ. "ಅವ್ವ ಹೆಜ್ಜೆ ನೋಡ್ತಿದ್ಲು. ನಾನು... ಎದೆ ಬಡಿತ ನೋಡ್ತಿದ್ದೆ. ಎಪ್ಪತ್ತೆರಡು ಇರೋದು, ನಾನು ಫೋನ್ ಮಾಡಿದ್ ತಕ್ಷಣ ನೂರಾಗೋದು. ಅದನ್ನ ನೋಡಕ್ಕೇ ಒಂದೊಂದು ದಿನ ಎರಡೆರಡು ಸಲ ಮಾಡ್ತಿದ್ದೆ."

ಚೆಲುವಾಂಬಳ ಮುಖಕ್ಕೆ ನೆತ್ತರು ನುಗ್ಗಿತು. ನಾಚಿಕೆಯೋ ರೋಷವೋ ಅವಳಿಗೇ ತಿಳಿಯದು. ಕಡ್ಡಿಯನ್ನು ನೆಲಕ್ಕೆ ಕುಕ್ಕಿದಳು.

"ಕದ್ದು ನೋಡಿದ್ರಾ! ಒಂದು ಸಲ ಕೇಳಿದ್ರೆ ನಾನೇ ಹೇಳ್ತಿರ್ಲಿಲ್ವೇನ್ರೀ? ನಿಮ್ಮ ಮೇಲೆ ಆಸೆ ಅಂತ ಹೇಳೋ ಸುಖ ನಂದು. ಕಾರ್ತಿಕದವರೆಗೂ ಬಚ್ಚಿಟ್ಕೊಂಡಿದ್ದೆ. ಅದನ್ನೂ ಕದ್ರಲ್ಲ...!"

ಅವಳ ಕಣ್ಣು ತುಂಬಿತು. ಅವನ ಕೈ ಮೇಲೆದ್ದು, ಮುಟ್ಟುವ ಧೈರ್ಯವಿಲ್ಲದೆ ಹಿಂದಕ್ಕೆ ಬಂತು.

"ತಪ್ಪಾಯ್ತು. ನನ್ನ ಫೋನಿಂದ ಎಲ್ಲಾ ಅಳಿಸಿದ್ದೀನಿ. ಅವ್ವ ತನ್ನ ಫೋನು ಮುಟ್ಟಕ್ಕೆ ಬುಡ್ತಿಲ್ಲ. ಆದ್ರೆ ಬೆಳಗ್ಗೆ ಅವಳ ಮುಖಕ್ಕೇ ಹೇಳಿ ಬಂದೆ, ಚೆಲುವಾ ಕೂತಿದ್ದೆ ಅಂದ್ರೆ ಕೂತಿದ್ಲು, ವಾಚು ಸುಳ್ಳು ಅಂತ."

"ವಾಚು ಮಾರೋರು ನೀವು. ಸುಳ್ಳು ಅಂತ ಹೆಂಗೆ ಗೊತ್ತಾಯ್ತು?"

"ಅದು ಗೊತ್ತಿಲ್ಲ. ನೀನು ಸುಳ್ಳಲ್ಲ ಅಂತ ಗೊತ್ತು. ಮೊದಲೇ ಗೊತ್ತಿತ್ತು... ಬಾಯಿಗೆ ಬರಕ್ಕೆ ಮೂರು ದಿನ ಆಯ್ತು."

ಅವಳು ಅವನ ಮುಖವನ್ನು ಅಂದು ಮೊದಲ ಸಲ ನೋಡಿದಳು.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಕೂಗಿತು. ಎತ್ತಿದೊಡನೆ ರಾಚಮ್ಮನ ಧ್ವನಿ ಚಪ್ಪರದಾಚೆಗೂ ಕೇಳಿಸಿತು.

"ಲೇ ಶಶಿ! ಎಡವಟ್ಟಾಯ್ತು ಕಣ್ಲಾ! ಸುಮ್ಕೆ ಯಾಕ್ ಬಿದ್ದಿರ್ಬೇಕು ಅಂತ ಆ ವಾಚ್ನ ಬೆಳಗ್ಗೆ ನಾನೇ ಕಟ್ಕಂಡೆ. ಮಂಡಿನೋವು ಅಂತ ಎದ್ದೇ ಇಲ್ಲ, ಕುಂತ್ಕಂಡು ಸೊಪ್ಪು ಕಟ್ತಾವ್ನಿ. ಈಗ ಫೋನು ನೋಡುದ್ರೆ ಮೂರು ಮೈಲಿ ನಡ್ದಿದ್ದೀನಂತೆ! ಕುಂತಲ್ಲೇ! ಇಂಗೇ ಕಟ್ತಾ ಇದ್ರೆ ಸಂಜೆಗೆ ಏಳಾಯ್ತದೆ ಕಣ್ಲಾ!"

ಕಡ್ಡಿಯ ಆಚೆಗೊಮ್ಮೆ ಈಚೆಗೊಮ್ಮೆ ಎಲೆಗಳನ್ನು ಸೇರಿಸಿ ನೂಲು ಸುತ್ತುವ ಕೈ, ನಡೆಯುವವರ ಕೈಯಂತೆಯೇ ಬೀಸುತ್ತದೆ. ಬೀಸಿದ ಕೈಯನ್ನೆಲ್ಲ ಆ ಯಂತ್ರ ಹೆಜ್ಜೆಯೆಂದೇ ಬಗೆದಿತ್ತು. ಹೊಗೆಸೊಪ್ಪು ಕಟ್ಟುವ ಹೆಂಗಸರೂ ಲೋಕದಲ್ಲಿದ್ದಾರೆಂದು ಅದನ್ನು ಮಾಡಿದವರಿಗೆ ಯಾರು ಹೇಳಿದ್ದರು?

ಒಳಗಿನಿಂದ ಪುಟ್ಟತಾಯಮ್ಮ ಗಹಗಹಿಸಿದಳು. "ಮಂಡಿನೋವಿಗೆ ಒಳ್ಳೇ ಮದ್ದಾಯ್ತು ಬುಡು ರಾಚವ್ವ!"

"ಅಯ್ಯೋ, ಅವರಜ್ಜಿ ದನಿ ಅಲ್ವಾ ಅದು! ಅಲ್ಲೇ ಇದ್ದೀಯೇನ್ಲಾ? ಆ ಮಗೀಗೆ ನಾನು ಎಂಗೆ ಮುಖ ತೋರ್ಸಲಿ... ತಪ್ಪಾಯ್ತು ಅಂತ ಏಳ್ಲಾ!"

ಚೆಲುವಾಂಬ ಫೋನನ್ನು ಈಸಿಕೊಂಡಳು. "ನೀವೇ ಹೇಳ್ಬೇಕು ಅತ್ತೆ. ಆವತ್ತು ಹತ್ತು ಜನರ ಮುಂದೆ ಕೂಗಿ ಕೇಳಿದ್ರಿ. ತಪ್ಪಾಯ್ತು ಅನ್ನೋದೂ ಆ ಹತ್ತು ಜನಕ್ಕೆ ಕೇಳ್ಬೇಕು."

ಆ ಕಡೆ ಒಂದು ನಿಟ್ಟುಸಿರು. "ಏಳ್ತೀನಿ ಕಣವ್ವ. ನಾಳೇನೇ ಬಂದು ಆ ಚಪ್ಪರದಡೀಲೇ ನಿಂತ್ಕಂಡು ಏಳ್ತೀನಿ. ನಿನ್ ಬಾಯಿ ಜೋರು... ಇರ್ಲಿ, ನಮ್ಮನೆಗೆ ಅಂಗಿರೋಳೇ ಬೇಕು."

ಫೋನು ನಿಂತಿತು. ಗಾಳಿಗೆ ಕಡ್ಡಿಗಳಲ್ಲಿನ ಎಲೆಗಳು ಸರಸರನೆಂದವು. ರುಜುವಾತು ಈಗ ಬಂದಿತ್ತು. ಆದರೆ ಅವನು ಅದಕ್ಕಿಂತ ಮೊದಲೇ ಬಂದಿದ್ದ, ಬರಿಗೈಯಲ್ಲಿ ಬಂದಿದ್ದ. ಚೆಲುವಾಂಬ ತಕ್ಕಡಿಗೆ ಹಾಕಿ ನೋಡಿದ್ದು ಅದೊಂದನ್ನೇ.

ಅವನಿನ್ನೂ ನೆಲದ ಮೇಲೆಯೇ ಕುಳಿತಿದ್ದ. ಅವಳು ಎದ್ದು ಅವನೆದುರು ನಿಂತಳು. ಆರು ವಾರಗಳಿಂದ ಆಡುತ್ತಿದ್ದ ಬಹುವಚನವನ್ನು ಮೊದಲ ಬಾರಿಗೆ ಬದಿಗಿಟ್ಟಳು.

"ಏಳು."

ಅವನ ತುಟಿಯಂಚಿನಲ್ಲಿ ನಗು ಮಿನುಗಿತು. "ಯಾವ ಏಳು? ಹೇಳೋದಾ, ಎದ್ದೇಳೋದಾ, ಲೆಕ್ಕದ್ದಾ?"

"ಮೂರೂ."

"ನೀನಂದ್ರೆ ನಂಗೆ ಪ್ರಾಣ ಚೆಲುವಾ. ಯಾವ ಫೋನೂ ನೋಡ್ಕೊಂಡು ಹೇಳ್ತಿಲ್ಲ," ಎಂದ. ಆಮೇಲೆ ಎದ್ದ.

ಇಬ್ಬರು ಜೊತೆಯಾಗಿ ಏಳು ಹೆಜ್ಜೆ ನಡೆದರೆ ಅಲ್ಲಿಗೆ ಸಖ್ಯ ಹುಟ್ಟಿತೆಂದು ನಮ್ಮ ಪೂರ್ವಿಕರು ತಿಳಿದಿದ್ದರು. ಹದಿನೈದು ಸಾವಿರದ ಮಾತನ್ನು ಅವರು ಎಲ್ಲಿಯೂ ಎತ್ತಲಿಲ್ಲ. ಚಪ್ಪರದಿಂದ ಬೈಕಿನವರೆಗೆ ಅವರಿಬ್ಬರೂ ಅಕ್ಕಪಕ್ಕದಲ್ಲಿ ನಡೆದರು. ಅವಳು ಬಾಯೊಳಗೇ ಎಣಿಸಿದಳು. ಏಳಕ್ಕೆ ನಿಂತಳು.

"ಇಷ್ಟೇನಾ?"

"ಉಳಿದದ್ದು ಧಾರೆ ಆದ್ಮೇಲೆ."

ಅವನು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ, ಸಣ್ಣ ದನಿಯಲ್ಲಿ ಕೇಳಿದ. "ಈಗ... ಎದೆ ಎಷ್ಟು ಬಡ್ಕೊಳ್ತಾ ಇದೆ?"

ಚೆಲುವಾಂಬ ತನ್ನ ಎಡಗೈಯನ್ನು ಚಾಚಿದಳು. ಮಣಿಕಟ್ಟಿನ ಬಿಳಿಯ ಪಟ್ಟಿಯ ಮೇಲೆ ಅವನ ಬೆರಳುಗಳನ್ನು ತಾನೇ ಎತ್ತಿಟ್ಟಳು.

"ಕೇಳಿದ್ಯಲ್ಲ, ಅದಕ್ಕೆ ಕೊಡ್ತಾ ಇದ್ದೀನಿ. ಎಣಿಸ್ಕೋ."

"ಒಂದು... ಎರಡು... ಅಯ್ಯೋ, ಲೆಕ್ಕ ತಪ್ತಾ ಇದೆ ಚೆಲುವಾ."

"ತಪ್ಪಲಿ ಬುಡು."