ತಾತ್ಯಾಸಾಹೇಬರ ಫಿಯಾಟಿಗೆ ಹುಣಸೆಹಣ್ಣು

ದಾದಾ ಕಾರಿಗೆ ಹೊದಿಸಿದ್ದ ತಾಡಪತ್ರಿಯ ಒಂದು ಮೂಲೆ ಹಿಡಿದು ಎತ್ತಿದ. ಎತ್ತಿದ ಕೈ ಹಾಗೇ ಮೇಲೆ ನಿಂತುಬಿಟ್ಟಿತು.

"ಇಸ್ರಾರ, ಇಲ್ಲಿ ಬಾ ಸ್ವಲ್ಪ" ಎಂದು ಮಗನನ್ನು ಕರೆದ.

ಮೊಮ್ಮಗಳು ಮೆಹೆಕ ಚಹಾದ ಕಿಟ್ಲಿ ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಂದಲೇ ಅವಳಿಗೆ ಕಾಣಿಸಿತು. ನಿನ್ನೆ ಸಂಜೆ ಹೊಸ ತಾಟಿನಂತೆ ಹೊಳೆಯುತ್ತಿದ್ದ ಕಾರಿನ ತಗಡು ಇವತ್ತು ತುಕ್ಕು ಹಿಡಿದು ಕೆಂಪಗಾಗಿತ್ತು. ಅಲ್ಲೊಂದು ಇಲ್ಲೊಂದು ಚುಕ್ಕೆಯಲ್ಲ, ಯಾರೋ ಖಾರದ ಪುಡಿ ಚೆಲ್ಲಿದ ಹಾಗೆ ಬಾಗಿಲ ಕೆಳಗಿನ ಇಡೀ ಪಟ್ಟಿ ಕೆಂಪು.

ಇಸ್ರಾರ, ಅಂದರೆ ಮೆಹೆಕಳ ಅಬ್ಬಾ, ಬಂದು ಬೆರಳಿನಿಂದ ಉಜ್ಜಿ ನೋಡಿದ. ಬೆರಳೂ ಕೆಂಪಾಯಿತು.

"ಅಬ್ಬಾ, ಇದಕ್ಕ ನೀರು ಬಿದ್ದೈತಿ. ನಾ ಕೊಲ್ಲಾಪುರಕ್ಕ ಹೋಗಿದ್ನಿ. ಇಲ್ಲಿ ಇದ್ದಾಂವ ನೀ ಒಬ್ಬನ."

ಮೆಹೆಕಳ ಅಬ್ಬಾ ತನ್ನ ಅಬ್ಬಾನ ಜೊತೆ ಜೋರಾಗಿ ಮಾತಾಡುವವನಲ್ಲ. ಈಗಲೂ ಮೆಲ್ಲಗೇ ಹೇಳಿದ. ಮೆಲ್ಲಗೆ ಹೇಳಿದ್ದರಿಂದಲೇ ಅದು ಇನ್ನೂ ಚುಚ್ಚಿತು.

ದಾದಾ ಒಮ್ಮೆ ತಗಡನ್ನು ನೋಡಿದ, ಒಮ್ಮೆ ಮೂಲೆಯಲ್ಲಿದ್ದ ನೀರಿನ ಕೊಡವನ್ನು ನೋಡಿದ. ಏನನ್ನೋ ನೆನಪಿಸಿಕೊಳ್ಳುವವನಂತೆ ಗಡ್ಡ ಕೆರೆದುಕೊಂಡ.

"ನಾನ ಇರಬೇಕ ಬಿಡು" ಎಂದ ಕೊನೆಗೆ.

ಮೆಹೆಕ ಕಿಟ್ಲಿಯನ್ನು ಸ್ಟೂಲಿನ ಮೇಲಿಟ್ಟು, ಸಾಲಿಗೆ ಲೇಟಾಯಿತೆಂದು ಓಡಿದಳು. ಲೇಟೇನೂ ಆಗಿರಲಿಲ್ಲ. ಇನ್ನೂ ಅರ್ಧ ಗಂಟೆ ಇತ್ತು.

ಆ ಕಾರು ಅಕ್ಕೋಳದ ತಾತ್ಯಾಸಾಹೇಬರದು. ಕೆನೆಬಣ್ಣದ ಹಳೆಯ ಫಿಯಾಟ್. ಐವತ್ತು ವರ್ಷದ ಹಿಂದೆ ತಾತ್ಯಾಸಾಹೇಬರು ಮಂಗಲಾ ಅಜ್ಜಿಯನ್ನು ಮದುವೆಯಾದ ಮರುದಿನ ಇಬ್ಬರೂ ಇದೇ ಕಾರಿನಲ್ಲಿ ಸ್ತವನಿಧಿಗೆ ಹೋಗಿ ದೇವರ ದರ್ಶನ ಮಾಡಿ ಬಂದಿದ್ದರಂತೆ. ಬರುವ ಬುಧವಾರಕ್ಕೆ ಸರಿಯಾಗಿ ಐವತ್ತು ವರ್ಷ. ಅಜ್ಜಿಗೆ ಈಗ ಮೊಣಕಾಲು ನೋವು, ಆದರೂ ಹೋದರೆ ಅದೇ ಕಾರಿನಲ್ಲಿ ಹೋಗುತ್ತೇನೆ, ಇಲ್ಲದಿದ್ದರೆ ಮನೆಯಲ್ಲೇ ಇರುತ್ತೇನೆ ಎಂದು ಹಟ ಹಿಡಿದಿದ್ದರು.

ಹಟ ಹಿಡಿದರೆ ಕಾರು ಕೇಳಬೇಕಲ್ಲ! ಹೊರಗಿನಿಂದ ನೋಡಿದರೆ ಚೆಂದವೇ ಇತ್ತು. ಆದರೆ ದಾದಾನ ಹತ್ತಿರ ಒಂದು ಚಿಕ್ಕ ಸುತ್ತಿಗೆ ಇದೆ. ಯಾವ ಗಾಡಿ ಬಂದರೂ ಮೊದಲು ಅದರಿಂದ ಮೈಯೆಲ್ಲ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಾನೆ. ಒಳ್ಳೆಯ ತಗಡು 'ಠಣ್' ಎನ್ನುತ್ತದೆ, ಒಳಗೆ ತುಕ್ಕು ತಿಂದ ತಗಡು 'ಬದ್' ಎನ್ನುತ್ತದೆ. ಫಿಯಾಟಿನ ಬಾಗಿಲ ಕೆಳಗೆ ಉದ್ದಕ್ಕೂ ಬದ್, ಬದ್, ಬದ್. ದಾದಾ ಅಲ್ಲಿ ಸ್ಕ್ರೂಡ್ರೈವರ್ ಒತ್ತಿದ. ಹಪ್ಪಳಕ್ಕೆ ಚುಚ್ಚಿದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು. ಕಾಲ ಕೆಳಗಿನ ಮ್ಯಾಟ್ ಎತ್ತಿದರೆ ನೆಲವೇ ಕಾಣುತ್ತಿತ್ತು.

ತೂತುಗಳಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಎರಡೇ ದಿನದ ಕೆಲಸ ಎಂದು ಅಬ್ಬಾ ಹೇಳಿದ್ದ. ದಾದಾ ಒಪ್ಪಲಿಲ್ಲ. "ಹುಣ್ಣಿನ ಮ್ಯಾಲ ಪೌಡರ್ ಹಚ್ಚಿದಂಗ ಆಗ್ತೈತಿ ಅದು" ಎಂದ. ಕೊಳೆತ ತಗಡನ್ನೆಲ್ಲ ಕತ್ತರಿಸಿ ತೆಗೆದು, ಹೊಸ ತಗಡು ಕೂಡಿಸಿ, ವೆಲ್ಡಿಂಗ್ ಮಾಡಿ, ಸುತ್ತಲಿನ ಹಳೆಯ ತಗಡನ್ನು ಬಿಳಿ ಕಾಣುವ ತನಕ ತಿಕ್ಕಲು ಅವನಿಗೆ ಎಂಟು ದಿನ ಹಿಡಿದಿತ್ತು. ಎಪ್ಪತ್ತೆರಡು ವಯಸ್ಸಿನಲ್ಲಿ ಕಾರಿನ ಕೆಳಗೆ ಅಂಗಾತ ಮಲಗಿ ಮಾಡಿದ ಕೆಲಸ. ಅದರ ಮೇಲೆ ಪಕ್ಕದ ಗೋದಾಮಿನ ತಂಬಾಕಿನ ಘಾಟಿಗೆ ಸೀನು ಬೇರೆ.

ನಿನ್ನೆ ಶುಕ್ರವಾರ ಆ ಕೆಲಸ ಮುಗಿಯಿತು. ಉಳಿದದ್ದು ರೆಡ್ ಆಕ್ಸೈಡ್ ಬಳಿಯುವುದು ಮಾತ್ರ. ತುಕ್ಕು ಮತ್ತೆ ಹಿಡಿಯದ ಹಾಗೆ ತಗಡಿಗೆ ಹಚ್ಚುವ ಕೆಂಪು ಬಣ್ಣ ಅದು. ಅದರ ಡಬ್ಬಿ ತರಬೇಕಾದ ಅಬ್ಬಾ ಕೊಲ್ಲಾಪುರದಿಂದ ಬರುವುದು ತಡವಾಯಿತು. ಒಂದು ರಾತ್ರಿ ಒಣಗಿದ್ದರೆ ಏನೂ ಆಗುವುದಿಲ್ಲವೆಂದು ದಾದಾ ಒಣ ಬಟ್ಟೆಯಿಂದ ಒರೆಸಿ, ತಾಡಪತ್ರಿ ಮುಚ್ಚಿ, ಸಂಜೆಯ ನಮಾಜಿಗೆ ಹೋದ.

ಆಗ ಮೆಹೆಕ ಬಂದಳು.

ಅವಳು ಸುಮ್ಮನೆ ಬಂದವಳಲ್ಲ. ಅರ್ಧ ಗಂಟೆಯ ಹಿಂದಷ್ಟೇ ಮನೆಯಲ್ಲಿ ಅಮ್ಮಿ ಅವಳ ಕೈಯಲ್ಲಿ ತಾಮ್ರದ ಹಂಡೆ ತಿಕ್ಕಿಸಿದ್ದಳು. ಹುಣಸೆಹಣ್ಣು, ಒಂದು ಹಿಡಿ ಉಪ್ಪು. ಕಪ್ಪು ಹಂಡೆ ಹತ್ತು ನಿಮಿಷದಲ್ಲಿ ಕೆಂಡದಂತೆ ಹೊಳೆಯಿತು. ತಾಡಪತ್ರಿ ಸರಿಸಿ ನೋಡಿದಾಗ ತಗಡಿನ ಸಣ್ಣ ಸಣ್ಣ ಕುಳಿಗಳಲ್ಲಿ ಇನ್ನೂ ಕಂದು ಚುಕ್ಕೆಗಳಿದ್ದವು. ಪಾಪ, ದಾದಾನ ಕಣ್ಣಿಗೆ ಕಂಡಿಲ್ಲ ಎಂದುಕೊಂಡಳು. ಮನೆಗೆ ಓಡಿ ಉಳಿದ ಹುಣಸೆಹಣ್ಣು, ಉಪ್ಪು ತಂದಳು. ತೋಳು ನೋಯುವ ತನಕ ತಿಕ್ಕಿ, ಎರಡು ತಂಬಿಗೆ ನೀರು ಸುರಿದು ತೊಳೆದಳು. ಏನು ಹೊಳಪು ಅಂತೀರಿ! ಬೆಳಿಗ್ಗೆ ದಾದಾ ನೋಡಿ ಬೆರಗಾಗಲಿ ಎಂದು ಹಸಿ ತಗಡಿನ ಮೇಲೆಯೇ ತಾಡಪತ್ರಿ ಮುಚ್ಚಿ ಹೋದಳು.

ದಾದಾ ಬೆರಗಾದದ್ದಂತೂ ನಿಜ.

ಶನಿವಾರ ಸಾಲಿ ಬೆಳಗಿನ ಹೊತ್ತು ಮಾತ್ರ. ಅಷ್ಟು ಹೊತ್ತೂ ಮೆಹೆಕಳ ಕಿವಿಗೆ ಟೀಚರ್ ಹೇಳಿದ್ದು ಒಂದೂ ಹೋಗಲಿಲ್ಲ. ಪಕ್ಕದಲ್ಲಿ ಕೂತ ಸಪನಾ ಎರಡು ಸಲ ಚಿವುಟಿದಳು, ಅದೂ ಗೊತ್ತಾಗಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ನಾನ ಇರಬೇಕ ಬಿಡು.

ಅಬ್ಬಾ ಕೆಲವು ತಿಂಗಳಿಂದ ಅಮ್ಮಿಯ ಹತ್ತಿರ ಹೇಳುತ್ತಿದ್ದುದನ್ನು ಅವಳು ಕೇಳಿದ್ದಳು. ದಾದಾ ನಳ ಬಂದ್ ಮಾಡುವುದನ್ನು ಮರೆಯುತ್ತಾನೆ. ಒಬ್ಬರ ಸ್ಕೂಟರಿನ ಬೋಲ್ಟನ್ನು ಇನ್ನೊಬ್ಬರ ಡಬ್ಬಿಯಲ್ಲಿ ಹಾಕುತ್ತಾನೆ. ಇನ್ನೊಂದು ಸಲ ಏನಾದರೂ ಹೀಗಾದರೆ ಮನೆಯಲ್ಲೇ ಕೂಡು ಎಂದು ಹೇಳಿಬಿಡುತ್ತೇನೆ, ನನಗೂ ಗಿರಾಕಿಗಳಿಗೆ ಮುಖ ತೋರಿಸಬೇಕು ಎಂದಿದ್ದ ಅಬ್ಬಾ.

ಆ ಇನ್ನೊಂದು ಸಲ ಇವತ್ತೇ ಬಂದಿತ್ತು. ತಂದವಳು ಅವಳು.

ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ? ನನ್ನ ಎಂಟು ದಿನದ ಕೆಲಸ ಕೆಡಿಸಿದವಳು ನೀನೇ ಏನು ಎಂಬಂತೆ ದಾದಾ ಅವಳನ್ನು ನೋಡುತ್ತಾನೆ. ಅಬ್ಬಾ ಬೈದರೆ ತಡೆದುಕೊಂಡಾಳು. ದಾದಾ ಹಾಗೆ ನೋಡಿದರೆ ತಡೆಯಲಾರಳು. ತಪ್ಪು ಮಾಡಿದವರಿಗೆ ಸುಮ್ಮನಿರಲು ಇಂಥ ಕಾರಣಗಳು ಬೇಕಾದಷ್ಟು ಸಿಗುತ್ತವೆ. ಮೆಹೆಕಳಿಗೂ ಸಿಕ್ಕವು.

ಸಾಲಿ ಬಿಟ್ಟು ಮನೆಗೆ ಬಂದರೆ ದಾದಾ ಮನೆಯಲ್ಲೇ ಇದ್ದ. ಹೊತ್ತು ಏರಿದ ಮೇಲೆ ದಾದಾ ಮನೆಯಲ್ಲಿರುವುದನ್ನು ಜ್ವರ ಬಂದ ದಿನ ಬಿಟ್ಟರೆ ಅವಳು ನೋಡಿಯೇ ಇರಲಿಲ್ಲ. ಹೊರಸಿನ ಮೇಲೆ ಕೂತಿದ್ದ. ಚಿಕ್ಕ ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟುಕೊಂಡಿದ್ದ.

"ಮೆಹೆಕ, ಇಲ್ಲಿ ಬಾ. ಒಂದು ಮಾತು ಕೇಳ್ತೀನಿ" ಎಂದ. "ನಿನ್ನೆ ನಮಾಜಿಗೆ ಹೋಗೂ ಮುಂದ ನಾ ಗ್ಯಾರೇಜಿನ್ಯಾಗ ಕೈಕಾಲು ತೊಳಕೊಂಡ್ನಿ. ಆ ತಂಬಿಗಿ ನೀರು ಕಾರಿನ ಮ್ಯಾಲ ಚೆಲ್ಲೀನೇನೋ ಅಂತ ನೆನಪ ಮಾಡ್ಕೊಳ್ಳಾಕತ್ತೀನಿ. ಚೆಲ್ಲಿದಂಗೂ ಅನಸ್ತೈತಿ, ಇಲ್ಲಂತೂ ಅನಸ್ತೈತಿ. ಮುಂಜಾನಿಂದ ಹಿಂಗ ಕುಂತೀನಿ."

ಹೇಳಿ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಅವು ತನ್ನವೇ ಹೌದೋ ಅಲ್ಲವೋ ಎಂದು ನೋಡುವವನ ಹಾಗೆ.

ಮೆಹೆಕಳಿಗೆ ಅಳು ಉಕ್ಕಿ ಬಂತು. ತಡೆಯಲಿಲ್ಲ.

"ನೀ ಚೆಲ್ಲಿಲ್ಲ ದಾದಾ. ನಾ ತೊಳದೀನಿ. ಹುಣಸಿಹಣ್ಣು ಹಚ್ಚಿ ತಿಕ್ಕೀನಿ."

ದಾದಾ ಅವಳ ಮುಖವನ್ನೇ ನೋಡಿದ. "ಹುಣಸಿಹಣ್ಣು?"

"ಹಂಡಿಗೆ ಹಚ್ಚಿದಂಗ."

"ಉಪ್ಪೂ ಹಾಕೀದಿ?"

"ಒಂದು ಹಿಡಿ."

ಇನ್ನು ಬೈಗುಳ ಬರುತ್ತದೆ ಎಂದು ಅವಳು ಕಾದಳು. ದಾದಾನ ಹೊಟ್ಟೆ ಕುಲುಕಿತು, ಆಮೇಲೆ ಭುಜ ಕುಲುಕಿತು. ಅಳುತ್ತಿದ್ದಾನೋ ಏನೋ ಎಂದು ಮೆಹೆಕ ಹೆದರಿದಳು. ದಾದಾ ನಗುತ್ತಿದ್ದ. ನಕ್ಕು ನಕ್ಕು ಕೆಮ್ಮು ಬಂತು. ಅಮ್ಮಿ ಏನಾಯಿತೆಂದು ಅಡುಗೆಮನೆಯಿಂದ ಇಣುಕಿ ನೋಡಿದಳು.

"ಅಂದ್ರ ನಾ ಮರ್ತಿಲ್ಲ" ಎಂದ ದಾದಾ, ಕಣ್ಣೊರೆಸಿಕೊಳ್ಳುತ್ತ. "ನನ್ನ ತಲಿ ನೆಟ್ಟಗ ಐತಿ."

ಅಷ್ಟು ಹೇಳಿದವನೇ ನಗು ನಿಲ್ಲಿಸಿ ಗಡಬಡಿಸಿ ಎದ್ದ. ಉಪ್ಪು ಎಂದಾಗ ಇನ್ನೊಂದು ವಿಷಯ ಅವನಿಗೆ ಹೊಳೆದಿತ್ತು. ಅಬ್ಬಾ ಬರೀ ಮೇಲಿನ ಕೆಂಪು ಉಜ್ಜಿ ರೆಡ್ ಆಕ್ಸೈಡ್ ಬಳಿದುಬಿಟ್ಟರೆ ಕುಳಿಗಳಲ್ಲಿ ಕೂತ ಉಪ್ಪು ಒಳಗೇ ಉಳಿಯುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಉಬ್ಬಿ, ಹೊಸ ತಗಡೂ ಹಪ್ಪಳವಾಗುತ್ತದೆ. ದಾದಾ ಸುತ್ತಿಗೆ ಎತ್ತಿಕೊಂಡ, ಇಬ್ಬರೂ ಚಪ್ಪಲಿ ಮೆಟ್ಟಿ ಗ್ಯಾರೇಜಿಗೆ ಓಡಿದರು. ಅಂದರೆ ಮೆಹೆಕ ಓಡಿದಳು, ದಾದಾ ಓಡಿದ ಹಾಗೆ ಮಾಡಿದ.

ಅಬ್ಬಾ ಡಬ್ಬಿಯ ಮುಚ್ಚಳ ತೆಗೆದು ಬ್ರಶ್ ಅದ್ದಿದ್ದ. ಅಕ್ಕೋಳದಿಂದ ಬಂದ ತಾತ್ಯಾಸಾಹೇಬರು ಸ್ಟೂಲಿನ ಮೇಲೆ ಕೂತು, ದಾದಾನ ಹೆಸರು ಹಿಡಿದು, ಗುಡುಸಾಬ ಎಲ್ಲಿ ಹೋಗ್ಯಾನ ಎಂದು ಕೇಳುತ್ತಿದ್ದರು. ಅಬ್ಬಾ ಏನು ಉತ್ತರ ಕೊಡುತ್ತಿದ್ದನೋ, ಅಷ್ಟರಲ್ಲಿ ಮೆಹೆಕ ಅವನ ಕೈ ಹಿಡಿದಳು.

ಎಲ್ಲ ಹೇಳಿದಳು. ಹಂಡೆ, ಹುಣಸೆಹಣ್ಣು, ಎರಡು ತಂಬಿಗೆ ನೀರು. ಬೆಳಿಗ್ಗೆ ಗೊತ್ತಿದ್ದೂ ಸುಮ್ಮನಿದ್ದುದನ್ನೂ ಹೇಳಿದಳು.

ಮೊದಲು ತಾತ್ಯಾಸಾಹೇಬರೇ ಬಾಯಿ ತೆರೆದರು. ತಮ್ಮ ಮನೆಯಲ್ಲೂ ಬಸದಿಯ ಕಳಸವನ್ನು ಹುಣಸೆಹಣ್ಣಿನಿಂದಲೇ ತಿಕ್ಕುತ್ತಾರೆ, ಆದರೆ ಮಂಗಲಾಗೆ ಕಾರನ್ನೂ ತಿಕ್ಕುವ ವಿಚಾರ ಐವತ್ತು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ, ಇದನ್ನು ಹೇಳಿದರೆ ಮೊಣಕಾಲು ನೋವು ಮರೆತು ನಗುತ್ತಾಳೆ ಎಂದರು. ಬುಧವಾರದ ಬದಲು ಗುರುವಾರ ಆದರೂ ದೇವರೇನೂ ಓಡಿಹೋಗುವುದಿಲ್ಲ ಎಂದೂ ಸೇರಿಸಿದರು.

ಅಬ್ಬಾ ನಗಲಿಲ್ಲ. ಅವನು ತನ್ನ ಅಬ್ಬಾನ ಕಡೆ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು. ಡಬ್ಬಿಯ ಮುಚ್ಚಳ ಮತ್ತೆ ಹಾಕಿದ. ಬ್ರಶ್ ಒರೆಸಿ ಇಟ್ಟ. ಕೈ ಒರೆಸಿಕೊಂಡು, ತಗಡಿನ ಕಡೆ ತೋರಿಸಿ ಕೇಳಿದ.

"ಎಲ್ಲಿಂದ ಸುರು ಮಾಡೂಣು, ಅಬ್ಬಾ?"

ದಾದಾ ಅಂಗಿಯ ತೋಳು ಮಡಚಿದ.

ಮೊದಲು ಕುದಿಯುವ ನೀರಿನಿಂದ ಉಪ್ಪನ್ನೆಲ್ಲ ತೊಳೆಯಬೇಕಿತ್ತು. ತೊಳೆದ ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಗ್ಯಾಸಿನ ಉರಿ ತೋರಿಸಿ ಒಣಗಿಸಬೇಕು. ಆಮೇಲೆ ಪಾಲಿಶ್ ಪೇಪರಿನಿಂದ ಮತ್ತೆ ಬಿಳಿ ಕಾಣುವ ತನಕ ತಿಕ್ಕಬೇಕು. ಬಾಗಿಲ ಕೆಳಗಿನ ಒಂದು ಮೊಳ ಉದ್ದದ ಜಾಗವನ್ನು ದಾದಾ ಮೆಹೆಕಳಿಗೆ ಕೊಟ್ಟ. ಶಿಕ್ಷೆ ಎಂದು ಹೇಳಲಿಲ್ಲ, ಬಹುಮಾನ ಎಂದೂ ಹೇಳಲಿಲ್ಲ. ಅವಳು ತಿಕ್ಕಿದಳು. ಒಂದು ಮೊಳವೇ ಮುಗಿಯುತ್ತಿರಲಿಲ್ಲ. ಬೆರಳ ತುದಿಗಳು ಉರಿದವು, ತಂಬಾಕಿನ ಘಾಟಿಗೆ ಏಳು ಸೀನು ಬಂದವು. ದಾದಾ ಇಡೀ ಪಟ್ಟಿ, ಅದೂ ಕೆಳಗೆ ಮಲಗಿ, ಹೇಗೆ ತಿಕ್ಕಿದ್ದನೋ!

ಇಳಿಹೊತ್ತಿಗೆ ತಗಡು ಬಿಳಿಯಾಯಿತು. ರೆಡ್ ಆಕ್ಸೈಡ್ ಬಳಿಯುವ ಮೊದಲು ದಾದಾ ಒಂದು ಸಲ ತಟ್ಟಿ ನೋಡುತ್ತೇನೆಂದ. ಸುತ್ತಿಗೆಗಾಗಿ ಪಕ್ಕದಲ್ಲಿ ಕೈಯಾಡಿಸಿದ. ಇರಲಿಲ್ಲ. ಸ್ಟೂಲಿನ ಕೆಳಗೆ ನೋಡಿದ, ಡಬ್ಬಿಗಳ ಹಿಂದೆ ನೋಡಿದ.

"ಇಲ್ಲೇ ಇಟ್ಟಿದ್ನಲ್ಲಾ" ಎಂದು ಗೊಣಗಿದ.

ಸುತ್ತಿಗೆ ಕಾರಿನ ನೆತ್ತಿಯ ಮೇಲಿತ್ತು. ಅಲ್ಲಿ ಇಟ್ಟದ್ದು ದಾದಾನೇ, ಮಧ್ಯಾಹ್ನ ತೋಳು ಮಡಚುವಾಗ. ಮೆಹೆಕ ಕಣ್ಣಾರೆ ನೋಡಿದ್ದಳು. ಅಬ್ಬಾನೂ ನೋಡಿದ್ದ. ಅಬ್ಬಾ ಏನಾದರೂ ಅಂದಾನೇ ಎಂದು ಅವಳು ತಿರುಗಿ ನೋಡಿದಳು. ಅಬ್ಬಾ ಬ್ರಶ್ಶಿನ ಕೂದಲು ಸರಿಮಾಡುವುದರಲ್ಲಿ ಮುಳುಗಿದವನಂತೆ ತಲೆ ತಗ್ಗಿಸಿದ.

ಹಾಗಾದರೆ ದಾದಾ ಮರೆಯುವುದೂ ನಿಜವೇ. ಆದರೆ ಈ ಮರೆವು ದಾದಾನದು. ಬೆಳಿಗ್ಗೆ ಅವನು ಹೊತ್ತುಕೊಂಡು ಮನೆಗೆ ಹೋದ ತಪ್ಪು ಅವನದಾಗಿರಲಿಲ್ಲ.

ತುದಿಗಾಲಲ್ಲಿ ನಿಂತು ಸುತ್ತಿಗೆ ತೆಗೆದು ದಾದಾನ ಕೈಗೆ ಕೊಟ್ಟಳು. ಎಲ್ಲಿತ್ತು ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ದಾದಾ ಕಣ್ಣು ಮುಚ್ಚಿಕೊಂಡ. ಅವಳೂ ಮುಚ್ಚಿಕೊಂಡಳು. ತಗಡು 'ಠಣ್' ಎಂದಿತು.

"ಹೆಂಗ ಕೇಳಸ್ತು?" ಎಂದ ದಾದಾ.

"ಇನ್ನೊಮ್ಮೆ ಬಡಿ" ಎಂದಳು ಮೆಹೆಕ.