ಮಂಗಳವಾರದ ಬ್ಯಾಟರಿ

"ಕೈ ತೆಗಿ! ತೆಗಿ ಅಂದೆ!"

ನಾನು ಎಬೊಗೆ ಆಡಿದ ಮೊದಲ ಮಾತು ಅದು.

ಅವನ ಟ್ಯಾಕ್ಸಿಯನ್ನು ನಾಲ್ಕು ಜನ ತಳ್ಳಿಕೊಂಡು ನನ್ನ ಗೇಟಿಗೆ ತಂದಿದ್ದರು. ನನ್ನ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಇಂಜಿನ್ ಸ್ಟಾರ್ಟ್ ಮಾಡಿ, ವೋಲ್ಟ್ ಮೀಟರ್ ತರಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಮಹರಾಯ ಓಡುತ್ತಿರುವ ಇಂಜಿನ್ನಿನ ಬ್ಯಾಟರಿ ವಯರನ್ನೇ ಕೀಳಲು ಹೊರಟಿದ್ದ.

"ನಮ್ಮ ಮಾಸ್ಟರ್ ಹಿಂಗೇ ನೋಡ್ತಿದ್ರು. ವಯರ್ ಕಿತ್ರೂ ಇಂಜಿನ್ ಓಡಿದ್ರೆ ಆಲ್ಟರ್ನೇಟರ್ ಚೆನ್ನಾಗಿದೆ ಅಂತ ಲೆಕ್ಕ."

"ನಿಮ್ಮ ಮಾಸ್ಟರ್ ಕಾಲದ ಕಾರಿಗೆ ತಲೆ ಇರ್ಲಿಲ್ಲ. ಇದಕ್ಕೆ ಕಂಪ್ಯೂಟರ್ ಇದೆ. ವಯರ್ ಕಿತ್ರೆ ಕರೆಂಟ್ ಎಗರಿ ಅದು ಸುಟ್ಟೋಗತ್ತೆ. ಆಮೇಲೆ ಈ ಕಾರಲ್ಲಿ ಕೋಳಿ ಸಾಕ್ಕೋ."

ಅವನು ನಕ್ಕ. ಮೊದಲು ಕಣ್ಣಿನಲ್ಲಿ ನಕ್ಕ, ಆ ನಗು ತುಟಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಬೇಕೆಂದೇ ಮೀಟರ್ ನೋಡಿದೆ. ಹದಿನಾಲ್ಕು ಪಾಯಿಂಟ್ ಎರಡು ವೋಲ್ಟ್. ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಗಟ್ಟಿಮುಟ್ಟಾಗಿತ್ತು.

ನಾನು ಅರಬಾ. ಸೆಕೊಂಡಿ ಎಂಬ ಕಡಲೂರಿನಲ್ಲಿ ನನ್ನ ಮನೆಯಂಗಳವೇ ನನ್ನ ವರ್ಕ್‌ಶಾಪ್. ಮೂವತ್ತಾರು ವರ್ಷ, ಮದುವೆಯಿಲ್ಲ, ನಾಲಿಗೆ ಚೂಪು. ಆದರೆ ಬ್ಯಾಟರಿ ವಿಷಯದಲ್ಲಿ ಸುಳ್ಳು ಹೇಳಿದವಳಲ್ಲ. ಸತ್ತಿದ್ದರೆ ಸತ್ತಿದೆ ಎನ್ನುತ್ತೇನೆ, ಬದುಕಿರುವುದನ್ನು ಸತ್ತಿದೆ ಎಂದು ಹೇಳಿ ಹೊಸದು ಮಾರುವುದಿಲ್ಲ. ಊರಿಗೆಲ್ಲ ಅದು ಗೊತ್ತು.

ಅವನ ಬ್ಯಾಟರಿಯ ತುದಿಗಳಲ್ಲಿ ಉಪ್ಪುಗಾಳಿಗೆ ಬಿಳಿ ಪುಡಿ ಕಟ್ಟಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದೆ, ತುದಿಗಳನ್ನು ಉಜ್ಜಿ ಬಿಗಿಮಾಡಿದೆ.

"ರಾತ್ರಿ ಏನಾದ್ರೂ ಆನ್ ಮಾಡಿ ಬಿಟ್ಟಿದ್ಯಾ?"

"ಇಲ್ಲ," ಎಂದ. ಹೇಳುವಾಗ ಬೇರೆಲ್ಲೋ ನೋಡುತ್ತಿದ್ದ.

ಮುಂದಿನ ಮಂಗಳವಾರ ಮತ್ತೆ ಬಂದ. ಮತ್ತೆ ಬ್ಯಾಟರಿ ಖಾಲಿ. ಅದರಾಚೆಯ ಮಂಗಳವಾರವೂ ಅಷ್ಟೇ. ಮಂಗಳವಾರ ನಮ್ಮ ಸಮುದ್ರಕ್ಕೆ ರಜೆ, ಒಂದು ದೋಣಿಯೂ ನೀರಿಗಿಳಿಯುವುದಿಲ್ಲ. ಕೆಲಸವಿಲ್ಲದ ಮೀನುಗಾರರು ಹಾಡು ಹೇಳುತ್ತಾ ಅವನ ಕಾರು ತಳ್ಳಿಕೊಂಡು ಬರುತ್ತಿದ್ದರು.

ಎಲ್ಲೋ ಕರೆಂಟ್ ಸೋರುತ್ತಿದೆ ಎಂದುಕೊಂಡೆ. ಕಾರು ಆಫ್ ಮಾಡಿಸಿ, ಬ್ಯಾಟರಿಗೂ ವಯರಿಗೂ ನಡುವೆ ಮೀಟರ್ ಸೇರಿಸಿ, ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ. ರೇಡಿಯೊ, ಹಾರ್ನ್, ಡಿಕ್ಕಿಯ ದೀಪ. ಎಲ್ಲೂ ಸೋರಿಕೆಯಿಲ್ಲ. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನಾನು ಕಿತ್ತ ಫ್ಯೂಸುಗಳನ್ನು ಅಂಗೈಯಲ್ಲಿ ಸಾಲಾಗಿ ಇಟ್ಟುಕೊಂಡಿದ್ದ. ಒಂದೊಂದನ್ನು ತೆಗೆದುಕೊಳ್ಳುವಾಗಲೂ ನನ್ನ ಬೆರಳು ಅವನ ಅಂಗೈ ಮುಟ್ಟುತ್ತಿತ್ತು. ಅವತ್ತು ಆ ಕೆಲಸ ಯಾಕೋ ಬಹಳ ನಿಧಾನವಾಯಿತು.

ಗೇಟಿನ ಬಳಿ ಮೆಕ್ಕೆಜೋಳದ ಕೆಂಕೆ ಉಂಡೆ, ಹುರಿದ ಮೀನು ಮಾರುವ ಮಾನ್ಸಾ ಆಂಟಿ ಎಲ್ಲವನ್ನೂ ನೋಡುತ್ತಿದ್ದಳು.

"ಏನೇ ಅರಬಾ, ಸಿಕ್ತಾ ಕಾಯಿಲೆ?"

"ಇಲ್ಲ ಆಂಟಿ."

"ಕಾರಲ್ಲಿ ಹುಡುಕಿದ್ರೆ ಎಲ್ಲಿ ಸಿಗತ್ತೆ? ಕಾಯಿಲೆ ಇರೋದು ಡ್ರೈವರ್‌ಗೆ. ಬೇಕೂಂತ್ಲೇ ಲೈಟ್ ಹಾಕ್ಬಿಟ್ಟು ಮಲಗ್ತಾನೆ ಕಣೇ, ಬೆಳಗ್ಗೆ ನಿನ್ನ ಮುಖ ನೋಡ್ಬೋದು ಅಂತ!"

ನಾನು ಬೈದೆ. ಆದರೆ ಆ ಮಾತು ಮನಸ್ಸಿಗೆ ಹತ್ತಿತು. ಐದನೇ ಮಂಗಳವಾರ ಓಲೆ ಹಾಕಿಕೊಂಡೆ. ಆರನೆಯದಕ್ಕೆ ಗ್ರೀಸ್ ಮೆತ್ತಿಕೊಂಡ ಶರ್ಟು ಬಿಟ್ಟು ನೀಲಿ ಬ್ಲೌಸ್ ಹಾಕಿದೆ. ಅವನು ಓಲೆ ನೋಡಿದ, ಬ್ಲೌಸ್ ನೋಡಿದ, ಆಮೇಲೆ ಬಾನೆಟ್ ಎತ್ತಿದ. ಕಿವಿ ಮಾತ್ರ ಬೆಚ್ಚಗಾದ ಹಾಗೆ ಉಜ್ಜಿಕೊಂಡ.

"ಬ್ಯಾಟರೀನ ಕೊಲ್ತಿದೀಯ ನೀನು," ಎಂದೆ. "ವಾರವಾರ ಪೂರ್ತಿ ಖಾಲಿ ಮಾಡಿದ್ರೆ ಅದಕ್ಕೆ ಜೀವ ಉಳಿಯಲ್ಲ."

"ಗೊತ್ತು," ಎಂದ, ಬಹಳ ಮೆಲ್ಲಗೆ.

ಹೌದು, ನಾನು ಅವನನ್ನು ಪ್ರೀತಿಸುತ್ತಿದ್ದೆ. ನನಗಾಗಿ ವಾರಕ್ಕೊಮ್ಮೆ ಬ್ಯಾಟರಿ ಸಾಯಿಸುವ ಗಂಡಸು ಇನ್ನೆಲ್ಲಿ ಸಿಗುತ್ತಾನೆ? ಎಂಟನೇ ವಾರಕ್ಕೆ ಕಾಯಲಾಗಲಿಲ್ಲ. ಕಳ್ಳನನ್ನು ಕೈಯಾರೆ ಹಿಡಿದು, "ಲೈಟ್ ಆರಿಸು, ಸುಮ್ನೆ ಬಾ ಸಾಕು" ಎಂದು ಹೇಳಿಬಿಡೋಣ ಎಂದು ಸೋಮವಾರ ಸಂಜೆ ಅವನ ಮನೆ ಕಡೆ ನಡೆದೆ. ಓಲೆ ಮರೆತಿರಲಿಲ್ಲ.

ಮನೆಯಲ್ಲಿ ಇರಲಿಲ್ಲ. ಬೀಚಿನಲ್ಲಿದ್ದಾನೆ ಎಂದರು.

ಮರುದಿನ ರಜೆಯಾದ್ದರಿಂದ ದೋಣಿಗಳೆಲ್ಲ ದಡ ಸೇರಿದ್ದವು. ಅವುಗಳ ನಡುವೆ ಟ್ಯಾಕ್ಸಿ ಸಮುದ್ರಕ್ಕೆ ಮುಖ ಮಾಡಿ ನಿಂತಿತ್ತು. ಇಂಜಿನ್ ಆಫ್, ಹೆಡ್‌ಲೈಟ್ ಆನ್. ಎರಡು ಬೆಳಕಿನ ಪಟ್ಟಿ ಅಲೆಗಳ ಮೇಲೆ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿ ಮಡಿಲಲ್ಲಿ ಮುಚ್ಚಿದ ಊಟದ ಬಟ್ಟಲು ಇಟ್ಟುಕೊಂಡು ನೀರನ್ನೇ ನೋಡುತ್ತಿದ್ದಳು.

ಎಬೊ ನನ್ನನ್ನು ಕಂಡು ಇಳಿದು ಬಂದ. ನನ್ನ ಓಲೆ ನೋಡಿ ಅವನಿಗೆ ಎಲ್ಲವೂ ಅರ್ಥವಾಯಿತು ಎಂದು ಕಾಣುತ್ತದೆ, ತಲೆ ತಗ್ಗಿಸಿದ.

"ನನ್ನ ತಮ್ಮ ಜೋಜೋ," ಎಂದ. "ನಾಲ್ಕು ವರ್ಷ ಆಯ್ತು. ಸೋಮವಾರ ಬೆಳಗ್ಗೆ ಸಮುದ್ರಕ್ಕೆ ಹೋದ. ಸಂಜೆ ಎಲ್ಲ ದೋಣಿ ಬಂದ್ವು, ಅವನದ್ ಬರ್ಲಿಲ್ಲ. ಅವತ್ತು ಮೋಡ ಕವಿದಿತ್ತು. ಪಾಪ, ದಡ ಕಂಡಿರಲ್ಲ ಅಂತಾಳೆ ಅಮ್ಮ. ಸೋಮವಾರ ಬಂದ್ರೆ ಲೈಟ್ ಹಾಕು ಅಂತಾಳೆ."

ನನ್ನ ಕಿವಿಯ ಓಲೆ ಕಿತ್ತು ಸಮುದ್ರಕ್ಕೆ ಎಸೆಯಬೇಕು ಅನ್ನಿಸಿತು. ಎಂಟು ವಾರ ನಾನು ಕಟ್ಟಿಕೊಂಡದ್ದೆಲ್ಲ ನನ್ನದಾಗಿರಲಿಲ್ಲ. ಆ ಬೆಳಕು ಬೇರೆಯವನದಾಗಿತ್ತು.

"ನಾನು ಬರ್ತೀನಿ," ಎಂದು ತಿರುಗಿದೆ.

"ಅರಬಾ, ನಿಲ್ಲು. ಮೊದ್ಲೆಲ್ಲ ಇಲ್ಲೇ ಪಕ್ಕದ ಅಂಗಡೀಲಿ ಚಾರ್ಜ್ ಮಾಡಿಸ್ತಿದ್ದೆ. ಒಂದ್ ಮಂಗಳವಾರ ಅದು ಮುಚ್ಚಿತ್ತು, ನಿನ್ನ ಗೇಟಿಗೆ ಬಂದೆ. ಅವತ್ತಿಂದ ನಾಲ್ಕು ಬ್ಯಾಟರಿ ಅಂಗಡಿ ದಾಟ್ಕೊಂಡು ನಿನ್ನ ಹತ್ರ ಬರ್ತಿದೀನಿ."

"ಸತ್ತ ಕಾರಲ್ಲಿ?"

"ತಳ್ಕೊಂಡು. ಒಂದೂವರೆ ಮೈಲಿ."

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಮನೆಯೋರನ್ನ ಕರ್ಕೊಂಡು ಬಂದು ನಿಮ್ಮ ಬಾಗಿಲು ತಟ್ಟಿ ನಿನ್ನ ಕೇಳ್ಬೇಕು ಅಂತ ಆಸೆ," ಎಂದ. "ಆದ್ರೆ ತಮ್ಮನ ಕಾರ್ಯ ಆಗದೆ ನಮ್ಮನೇಲಿ ಮದುವೆ ಮಾತು ಎತ್ತಂಗಿಲ್ಲ. ಕಾರ್ಯ ಮಾಡ್ಬೇಕು ಅಂದ್ರೆ ಆ ಒಂದ್ ಮಾತು ಯಾರಾದ್ರೂ ಹೇಳ್ಬೇಕಲ್ಲ? ಅಮ್ಮಂಗೆ ಬಾಯಿ ಬರಲ್ಲ, ನಂಗೂ ಬರಲ್ಲ. ನೀನು ಸುಳ್ಳು ಹೇಳೋಳಲ್ಲ. ನೀನ್ ಹೇಳು, ನಾನು ನಂಬ್ತೀನಿ. ಅವನು ಬರ್ತಾನಾ?"

ನಾಲ್ಕು ವರ್ಷ. ಆ ಬೀಚಿನಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ. ನನ್ನ ತುದಿನಾಲಿಗೆಯಲ್ಲೇ ಇತ್ತು. ಆದರೆ ಆ ಮಾತು ಆಡಿದರೆ ಅವನ ತಮ್ಮ ಸಾಯುತ್ತಿದ್ದ, ನನಗೆ ಗಂಡ ಸಿಗುತ್ತಿದ್ದ. ಬದುಕಿರುವ ಬ್ಯಾಟರಿಯನ್ನು ಸತ್ತಿದೆ ಎಂದು ಹೇಳಿ ಹೊಸದು ಮಾರುವವರ ನೆನಪಾಯಿತು. ಜೀವನದಲ್ಲಿ ಮೊದಲ ಸಲ ನನಗೆ ನನ್ನ ನಿಜದ ಮೇಲೆ ನಂಬಿಕೆ ಬರಲಿಲ್ಲ.

"ನನ್ನ ಕೇಳ್ಬೇಡ ಎಬೊ," ಎಂದೆ. "ಈ ಮಾತಲ್ಲಿ ನಂಗೆ ಲಾಭ ಇದೆ."

ಮರುದಿನ ಅವನ ಕಾರು ಬಂದಾಗ ನಾನು ಸಿದ್ಧಳಾಗಿದ್ದೆ. ಡಿಕ್ಕಿಯಲ್ಲಿ ಲಾರಿಯ ದೊಡ್ಡ ಬ್ಯಾಟರಿ ಕೂರಿಸಿದೆ. ಹೆಡ್‌ಲೈಟಿನ ವಯರನ್ನು ಅದಕ್ಕೆ ಎಳೆದೆ. ಓಡುವಾಗ ಎರಡೂ ತುಂಬಿಕೊಳ್ಳುವಂತೆ, ನಿಂತಾಗ ಒಂದು ಇನ್ನೊಂದನ್ನು ಹೀರದಂತೆ ನಡುವೆ ರಿಲೇ ಇಟ್ಟೆ. ಮಧ್ಯಾಹ್ನದವರೆಗೂ ಹಿಡಿಯಿತು.

"ಇನ್ಮೇಲೆ ಲೈಟು ಬೆಳಗಿನ ತನಕ ಉರಿಯತ್ತೆ. ಕಾರೂ ಸ್ಟಾರ್ಟ್ ಆಗತ್ತೆ. ಅಮ್ಮ ಎಷ್ಟೊತ್ ಬೇಕಾದ್ರೂ ಕಾಯ್ಲಿ."

"ಹಂಗಾದ್ರೆ ಮಂಗಳವಾರ..."

"ಬರೋ ಅಗತ್ಯ ಇಲ್ಲ."

ಅವನು ನನ್ನನ್ನು ನೋಡಿದ. ನಾನೂ ನೋಡಿದೆ. ಆ ಒಂದು ಸಲ ಇಬ್ಬರೂ ಕಣ್ಣು ತಪ್ಪಿಸಲಿಲ್ಲ. ಆಮೇಲೆ ಕೀಲಿ ತಿರುಗಿಸಿದ, ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನನ್ನ ಕೈಕೆಲಸದ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಮುಂದಿನ ಮಂಗಳವಾರ ಅವನು ಬರಲಿಲ್ಲ. ಅದರ ಮುಂದಿನದೂ ಖಾಲಿ. ಮಾನ್ಸಾ ಆಂಟಿ ತಮಾಷೆ ನಿಲ್ಲಿಸಿದಳು. ನಾನು ಕೇಳದಿದ್ದರೂ ಕೆಂಕೆ ಜೊತೆ ಒಂದು ಮೀನು ಹೆಚ್ಚಿಗೆ ಇಡುತ್ತಿದ್ದಳು.

ಮೂರನೆಯ ಮಂಗಳವಾರ ಬೆಳಿಗ್ಗೆ ಗೇಟು ತಳ್ಳಿಕೊಂಡು ಬಂದವಳು ಎಬೊನ ತಾಯಿ. ಸ್ಟೂಲ್ ಕೊಟ್ಟೆ, ನೀರು ಕೊಟ್ಟೆ. ಅವಳು ಕುಡಿಯದೆ ಲೋಟ ಹಿಡಿದು ಕೂತಳು.

"ದೀಪ ಆರದ ಹಾಗೆ ಮಾಡಿದೋಳು ನೀನೇನಾ?"

"ಹೌದಮ್ಮ."

"ಮೊದ್ಲು ರಾತ್ರಿ ಎರಡು ಗಂಟೆ ಹೊತ್ತಿಗೆ ಬೆಳಕು ಕೆಂಪಾಗಿ ತಾನೇ ಆರಿ ಹೋಗ್ತಿತ್ತು. 'ಲೈಟ್ ಹೋಯ್ತಲ್ಲಮ್ಮ, ಏನ್ ಮಾಡಕ್ಕಾಗತ್ತೆ, ನಡಿ' ಅಂತಿದ್ದ ಮಗ. ಎದ್ದು ಹೋಗ್ತಿದ್ವಿ. ನಾವು ಬಿಟ್ಟು ಬಂದ್ವಿ ಅಂತ ಆಗ್ತಿರ್ಲಿಲ್ಲ. ಈಗ ಅದು ಆರೋದೇ ಇಲ್ಲ ಮಗಳೇ. ಕೂತೇ ಇರ್ತೀವಿ. ಸ್ವಿಚ್ ಕಡೆ ಕೈ ಚಾಚೋಕೆ ಅವನಿಗೂ ಧೈರ್ಯ ಇಲ್ಲ, ನಂಗೂ ಇಲ್ಲ."

ಕೆಟ್ಟ ಬ್ಯಾಟರಿಯೇ ಅವರನ್ನು ನಾಲ್ಕು ವರ್ಷ ಮನೆಗೆ ಕಳಿಸುತ್ತಿತ್ತು. ನಾನು ಅದನ್ನು ರಿಪೇರಿ ಮಾಡಿಬಿಟ್ಟಿದ್ದೆ.

"ನಿನ್ನೆ ಅವನು ಸ್ಟೇರಿಂಗ್ ಮೇಲೆ ತಲೆ ಇಟ್ಟು ನಿದ್ದೆ ಹೋದ. ನೋಡ್ದೆ. ಅವನ ಕೂದಲೂ ಬೆಳ್ಳಗಾಗ್ತಿದೆ. ಒಬ್ಬನ್ನ ಕಾಯ್ತಾ ಇನ್ನೊಬ್ಬನ್ನ ಕಳ್ಕೋತಿದೀನಿ ಅನ್ನಿಸ್ತು." ಅವಳು ಬಲಗೈ ಎತ್ತಿ ತೋರಿಸಿದಳು. "ಈ ಕೈಯಿಂದ ನಾನೇ ಆರಿಸ್ದೆ."

ಅವಳು ಅಳಲಿಲ್ಲ. ಅತ್ತವಳು ನಾನು.

"ಶನಿವಾರ ಕಾರ್ಯ. ಸೂತಕದ ಕಪ್ಪು ಬಟ್ಟೆ ಹೊಲಿಸ್ಕೋ. ನಮ್ಮ ಮನೆ ಹೆಂಗಸರ ಜೊತೆ ಕೂತ್ಕೋಬೇಕು ನೀನು." ಲೋಟ ಕೆಳಗಿಟ್ಟಳು. "ಅವನು ಹೊರಗಿದಾನೆ. ಕಾರು ಕೆಟ್ಟಿಲ್ಲವಲ್ಲ, ಏನಂತ ಒಳಗೆ ಬರೋದು ಅಂತ ಕೂತಿದಾನೆ. ನೀನೇ ಹೋಗು."

ಟ್ಯಾಕ್ಸಿ ಗೇಟಿನಾಚೆ ನಿಂತಿತ್ತು. ಈ ಕಡೆಯ ಬಾಗಿಲು ತೆಗೆದು ಅವನ ಪಕ್ಕ ಕೂತೆ. ಅವನು ನನ್ನ ಕಡೆ ತಿರುಗಲಿಲ್ಲ. ಎರಡು ಸಲ ಬಾಯಿ ತೆರೆದು ಮುಚ್ಚಿದ.

"ಜೋಜೋ ತೀರ್ಕೊಂಡ, ಅರಬಾ," ಎಂದ.

ಎಷ್ಟು ದಿನ ಆ ಮಾತಿಗೆ ಕಾದಿದ್ದೆನೋ ನನಗೇ ಗೊತ್ತಿರಲಿಲ್ಲ. ಅದು ಬಂದಾಗ ಒಳಗೆಲ್ಲ ಹುಡುಕಿದೆ, ಸಂತೋಷ ಎಲ್ಲೂ ಸಿಗಲಿಲ್ಲ. ಒಂದು ದಿನವೂ ನೋಡದ ಮೈದುನನಿಗಾಗಿ, ಅವನ ಅಣ್ಣನ ಕೈ ಹಿಡಿದುಕೊಂಡು, ಗಟ್ಟಿಯಾಗಿ ಅತ್ತೆ.