ಅವನಿಗೆ ಉಳಿದದ್ದು ಒಂದೇ ಮಾತು

"ಒಳಗೆ ಬರ್ತೀರಾ?"

"ಬೇಡ!"

ಅವಳು ಬೆಚ್ಚಿದಳು. ಏಳು ವರ್ಷದ ಹಿಂದೆ, ಮದುವೆ ಮಾತುಕತೆಯ ದಿನ, ಬಾಗಿಲ ಹಿಂದೆ ನಿಂತವಳಿಗೆ ಅವನ ದನಿಯಲ್ಲಿ ಕೇಳಿದ್ದೂ ಇದೇ ಮಾತು!

ಅಷ್ಟಕ್ಕೇ ಸಿಟ್ಟು ನೆತ್ತಿಗೇರಿ ಸಂಬಂಧ ಮುರಿದಿದ್ದಳು. ಅವನು ಬರೆದ ಮೂರು ಕಾಗದಗಳನ್ನೂ ಒಡೆಯದೆ ವಾಪಸು ಕಳಿಸಿದ್ದಳು. ಆಮೇಲೆ ಯಾರನ್ನೂ ಮದುವೆಯಾಗಲಿಲ್ಲ. ಸಿಟ್ಟಿನ ಜೊತೆಗೇ ಸಂಸಾರ ಮಾಡಿದಳು.

ಈಗ ಅವಳು ಮಿದುಳಿನ ಸ್ಕ್ಯಾನ್ ತೆಗೆಯುವವಳು. ಅವನು ಗಾಲಿಕುರ್ಚಿಯಲ್ಲಿ... ಬಲಗೈ ತನ್ನದಲ್ಲವೆಂಬಂತೆ ಮಡಿಲಲ್ಲಿ ಬಿದ್ದಿತ್ತು.

"ಸ್ಟ್ರೋಕ್ ಆದ್ಮೇಲೆ ಏನು ಕೇಳಿದ್ರೂ ಅದೊಂದೇ ಮಾತಮ್ಮ" ಎಂದರು ಅವನ ಅಕ್ಕ. ಮಾಸ್ಕ್ ಹಾಕಿದ್ದ ಅವಳ ಗುರುತು ಅವರಿಗೆ ಹತ್ತಲಿಲ್ಲ.

'ದೇವರಿದ್ದಾನೆ!' ಎಂದು ಒಳಗೊಳಗೇ ಹಿಗ್ಗಿದಳು.

ಅಕ್ಕ ಹೊರಗೆ ಹೋದದ್ದೇ ತಡ, ಮಾಸ್ಕ್ ಇಳಿಸಿದಳು.

"ಗುರುತು ಸಿಕ್ತಾ?"

"ಬೇಡ..."

"ಅವತ್ತು ನಾನು ಬೇಡ. ಇವತ್ತು ನಾಲಗೆ ಬೇಕಾ?"

"ಬೇಡ..." ಅವನ ಕಣ್ಣು ತುಂಬಿತು.

ಅವಳ ಎದೆ ತಂಪಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು!

ಸುರಂಗದಂಥ ಯಂತ್ರದೊಳಗೆ ಮಲಗಿಸಿ, ಕಿವಿಗೆ ಒಂದೊಂದೇ ಮಾತು ಕೇಳಿಸಿದಳು. ಪರದೆಯ ಮೇಲೆ ಮೂಡಿದ ಚಿತ್ರಕ್ಕೆ ಡಾಕ್ಟರಮ್ಮ ಬೆರಳಿಟ್ಟರು.

"ಮಾತು ಆಚೆ ಬರೋ ದಾರಿ ಕಡಿದುಹೋಗಿದೆ. ಆದ್ರೆ ಕೇಳಿ ಅರ್ಥ ಮಾಡ್ಕೊಳ್ಳೋ ಜಾಗ ನೋಡು, ದೀಪ ಹಚ್ಚಿದ ಹಾಗಿದೆ! ಅವರಿಗೆ ಎಲ್ಲಾ ತಿಳಿಯುತ್ತೆ."

ಎಲ್ಲಾ... ತನ್ನ ಕೊಂಕು ಕೂಡ!

ಮಾಸ್ಕ್ ಏರಿಸುವುದನ್ನೂ ಮರೆತು, ಮುಖ ಬಾಡಿಸಿಕೊಂಡು ಹೊರಗೆ ಬಂದವಳನ್ನು ಅಕ್ಕ ದಿಟ್ಟಿಸಿದರು.

"ಅಯ್ಯೋ, ನೀನಾ! ಒಂದು ಕಾಗದ ಆದ್ರೂ ಒಡೆದು ನೋಡಬಾರದಿತ್ತೇನೇ? ಅವತ್ತು ನಮ್ಮ ದೊಡ್ಡಪ್ಪ 'ಹುಡುಗಿ ಓದು ಬಿಡಿಸೋಣವಾ' ಅಂತ ಕೇಳಿದ್ರು. ಅದಕ್ಕೆ ಇವನು ಬೇಡ ಅಂದ. ನಿನ್ನನ್ನಲ್ಲ ಕಣೇ! ಇವತ್ತಿಗೂ ಒಂಟಿಯಾಗೇ ಇದಾನೆ, ದಡ್ಡ!"

ಅವಳು ಕೇಳಿದ್ದು ಉತ್ತರ ಮಾತ್ರ. ಪ್ರಶ್ನೆ ಬಾಗಿಲ ಆಚೆಯೇ ಉಳಿದಿತ್ತು!

ಆ ಓದು ಕೊಟ್ಟ ಬಿಳಿ ಕೋಟು ಮೈಮೇಲೆ ಭಾರವಾಯಿತು. ಒಳಗೆ ಹೋಗಿ, ಅವನನ್ನು ಯಂತ್ರದಿಂದ ಇಳಿಸಿ ಕೂರಿಸಿ, ಕುರ್ಚಿಯ ಮುಂದೆ ಮಂಡಿಯೂರಿದಳು.

"ತಪ್ಪು ನಂದೇ... ನಾಳೆಯಿಂದ ದಿನಾ ಬಂದು ಮಾತು ಕಲಿಸ್ಲಾ?"

ಅವನ ತುಟಿ ತೆರೆಯಿತು... ತಟ್ಟನೆ ಹಲ್ಲು ಕಚ್ಚಿ ಮುಚ್ಚಿಕೊಂಡ. ಕತ್ತಿನ ನರ ಉಬ್ಬಿತು. ತನಗಿದ್ದ ಒಂದೇ ಒಂದು ಮಾತನ್ನೂ ನುಂಗಿಕೊಂಡ!

ಅವಳು ಪ್ರಶ್ನೆ ಬದಲಿಸಿದಳು.

"ಹಾಗಾದ್ರೆ... ಎದ್ದು ಹೋಗ್ಲಾ?"

ಅವನ ಎಡಗೈ ಅವಳ ಕೋಟಿನ ತುದಿಯನ್ನು ಬಿಗಿಯಾಗಿ ಹಿಡಿಯಿತು.

"ಬೇಡ!"